ಧಣಿಗೆ ಮತ ಕೇಳಿದ ದಿನ

ನಾಮಪತ್ರ ಹಿಂತೆಗೆದುಕೋ ಎಂದು ಪಕ್ಷದ ಹಿರಿಯರು ಫೋನಿನಲ್ಲಿ ಹೇಳಿದಾಗ ನಾನು ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಸೀಟು ಖಾಲಿಯಿತ್ತು, ಕೂರಲು ಮನಸ್ಸಾಗದೆ ನಿಂತೇ ಇದ್ದೆ. ನಮ್ಮದು ಸಮಾಜವಾದ ನಂಬಿದ ಸಣ್ಣ ಪಕ್ಷ. ನನ್ನಂಥ ಚೀಲ ಹೊರುವ ಹಮಾಲನೊಬ್ಬ ವಿಧಾನಸಭೆಗೆ ನಿಲ್ಲುತ್ತಾನೆಂದು ಇಂಡಿ, ಸಿಂದಗಿಯಿಂದ ಟೆಂಪೊ ಮಾಡಿಕೊಂಡು ಬಂದು ಹಾರ ಹಾಕಿದವರೇ ಈಗ ಮೈತ್ರಿ, ದೊಡ್ಡ ಶತ್ರು, ಕಾಲದ ಅಗತ್ಯ ಎಂದೆಲ್ಲ ಪಾಠ ಮಾಡುತ್ತಿದ್ದರು. ಪಾಠವೇನೂ ತಪ್ಪಲ್ಲ. ಪುರಸಭೆ ಸದಸ್ಯನಾಗಿ ನಾನೇ ಅದನ್ನು ಎಷ್ಟೋ ಕಡೆ ಹೇಳಿದ್ದೇನೆ. ಆದರೆ ಮೈತ್ರಿಯ ಅಭ್ಯರ್ಥಿ ಯಾರೆಂದು ಕೇಳಿದರೆ, ನಮ್ಮೂರ ದಾಲ್ ಮಿಲ್ಲಿನ ಧಣಿ! ಕೂಲಿ ಹೆಚ್ಚಿಸಿ ಎಂದದ್ದಕ್ಕೆ ನಮ್ಮ ಮುಖದ ಮೇಲೇ ಗೇಟು ಹಾಕಿಸಿದ್ದ ಮನುಷ್ಯ.

ಹಿಂತೆಗೆದುಕೊಂಡೆ. ಪಕ್ಷ ಹೇಳಿದ ಮೇಲೆ ಮುಗಿಯಿತು, ನನಗೆ ಬೇರೆ ರೂಢಿಯಿಲ್ಲ. ಮನೆಗೆ ಬಂದರೆ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಅಂಗಳದಿಂದ ಒಳಗೆ, ಒಳಗಿನಿಂದ ಅಂಗಳಕ್ಕೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು:

“ಹಿಂಗ ಸುತ್ತಿದ್ರ ಏನ್ ಬಂತ್ರಿ? ಅವಂಗ ವೋಟ್ ಕೇಳಾಕ ಹೋಗ್ತೀರೇನ ಇಲ್ಲ, ಅದನ್ನ ಹೇಳ್ರಿ.”

“ಹೋಗಬೇಕಲ್ಲ.”

“ಹಂಗಾದ್ರ ಮೊದಲ ಹಮಾಲರ ಕಡೆ ಹೋಗ್ರಿ. ಅವರ ಮುಂದ ಮಾತ ಹೊಂಟ್ರ, ಊರಾಗ ಎಲ್ಲಿ ಬೇಕಾದಲ್ಲಿ ಹೊಂಡತೈತಿ.”

ಇವಳಿಗೆ ಯಾರು ರಾಜಕೀಯ ಕಲಿಸಿದರೋ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಾರುಕಟ್ಟೆಗೆ ನಡೆದೆ.

ನಮ್ಮ ಗ್ಯಾಂಗಿನವರು ಲಾರಿಗೆ ತೊಗರಿ ತುಂಬುತ್ತಿದ್ದರು. ನಿಲ್ಲಿಸಿ ಭಾಷಣ ಶುರುಮಾಡಿದೆ. ಬೆಲೆಯೇರಿಕೆ, ಸಂವಿಧಾನ, ದೊಡ್ಡ ಶತ್ರು. ಮೈಕಿಲ್ಲದೆ ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡನ್ನೆಲ್ಲ ತುಂಬಿದ ದನಿ ನನ್ನದು. ಆದರೆ ಧಣಿಯ ಹೆಸರು ಹತ್ತಿರ ಬಂದಾಗಲೆಲ್ಲ ‘ನಮ್ಮ ಅಭ್ಯರ್ಥಿ’ ಎಂದು ದಾಟಿಬಿಡುತ್ತಿದ್ದೆ. ಅಂದು ಮಿಲ್ಲಿನ ಗೇಟಿನ ಹೊರಗೆ ನನ್ನ ಜೊತೆ ಹಸಿದು ಕೂತಿದ್ದ ಗೆಳೆಯನೊಬ್ಬ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಅಭ್ಯರ್ಥಿ ಅಂದ್ರ ಯಾರು? ಹೆಸರ ಹೇಳು. ನಿನ್ನ ಬಾಯಿಂದ ಕೇಳಿದ್ರ ಹಾಕ್ತೇವಿ.”

ಯಾರೂ ನಗಲಿಲ್ಲ. ನಾನು ಆ ಹೆಸರು ಹೇಳಿದೆ.

ಬೈಯುತ್ತಾನೆಂದುಕೊಂಡು ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

“ಆತು, ಹಾಕ್ತೇವಿ ತಗೋ. ನೀ ಮನಿಗಿ ಹೋಗಿ ಒಂದೀಟು ಮಲಕೊ. ಮಾರಿ ಭಾಳ ಇಳದೈತಿ.”

ಅವರು ಮತ್ತೆ ಚೀಲ ಎತ್ತತೊಡಗಿದರು. ನಾನು ಮನೆಗೆ ಬಂದು ಮಲಗಿದೆ. ಅವನು ಬೈದಿದ್ದರೆ ನಿದ್ದೆ ಬರುತ್ತಿತ್ತು.