ಗೋಡೆಯ ಆಚೆ ಫ್ಯೂಸು, ಈಚೆ ಕಂಪ್ಯೂಟರು

ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪ್ಯೂಟರಿನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಅದು ನನ್ನ ಪಡಸಾಲೆಯಲ್ಲಿ ಕುಳಿತಿತ್ತು, ಅದರೊಳಗೆ ನನ್ನ ಹಾಡುಗಳಿದ್ದವು. ಅದಕ್ಕೇ ಬರೆಯುತ್ತೇನೆ.

ನಮ್ಮೂರು ಮರಳಿಯಲ್ಲಿ ನಮ್ಮ ಮನೆ ಪಾಲಾದಾಗ ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಹಿರಿಯ ಸೊಸೆಯೆಂದು ದೇವರ ಜಗಲಿ ನನ್ನ ಕಡೆ ಬಂತು. ಕರೆಂಟಿನ ಮೀಟರು ನನ್ನ ನೆಗೆಣ್ಣಿಯ ಕಡೆ, ಅಂದರೆ ಗಂಡನ ತಮ್ಮನ ಹೆಂಡತಿಯ ಕಡೆ ಉಳಿಯಿತು. ಗೋಡೆ ಕಟ್ಟುವಾಗ ಇಬ್ಬರೂ ಆಡಬಾರದ್ದು ಆಡಿದೆವು. ಆಮೇಲೆ ಮಾತೇ ಇಲ್ಲ. ಪಾಲು ಬೇಕೆಂದ ಗಂಡಸರಿಬ್ಬರೂ ತೀರಿಹೋದರು, ಜಗಳ ನಮ್ಮಿಬ್ಬರ ಪಾಲಿಗೆ ಉಳಿಯಿತು. ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ, ಮೇಲೆ ಗೇಣುದ್ದ ಸಂದು ಇತ್ತು. ಅವಳು ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ. ಅಷ್ಟು ಹತ್ತಿರವಿದ್ದೂ, ಬೆಳಿಗ್ಗೆ ಮೊಮ್ಮಗಳು ಗಂಗಾವತಿಯ ಬಸ್ಸು ಹತ್ತಿದರೆ ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಎಮ್ಮೆ ಇದ್ದಾಗ ಅದನ್ನಾದರೂ ಬೈಯುತ್ತಿದ್ದೆ. ಅದನ್ನೂ ಮಾರಿಯಾಗಿತ್ತು.

ಮೊದಲು ಊರಿನ ಯಾವ ಮದುವೆಯಾದರೂ ಅರಿಷಿಣದ ಹಾಡಿಗೆ ನಮ್ಮಿಬ್ಬರನ್ನೇ ಕರೆಯುತ್ತಿದ್ದರು. ಆ ಹಾಡನ್ನು ಒಬ್ಬಳೇ ಹಾಡಲಿಕ್ಕೆ ಬರುವುದಿಲ್ಲ. ಒಬ್ಬಳು ಎತ್ತಿಕೊಡಬೇಕು, ಇನ್ನೊಬ್ಬಳು ಹಿಡಿದುಕೊಳ್ಳಬೇಕು. ನಾನು ಎತ್ತುತ್ತಿದ್ದೆ, ಅವಳು ಹಿಡಿಯುತ್ತಿದ್ದಳು. ಪಾಲಾದ ಮೇಲೆ ಇಬ್ಬರನ್ನೂ ಯಾರೂ ಕರೆಯಲಿಲ್ಲ. ಅರ್ಧ ಹಾಡು ಯಾರಿಗೆ ಬೇಕು? ನಾವು ಹಾಡಿದ್ದನ್ನು ಒಂದು ಮದುವೆಯಲ್ಲಿ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಅದರ ರೀಲಿಗೆ ಬೂಷ್ಟು ಹಿಡಿಯುವ ಮೊದಲು ಮೊಮ್ಮಗಳು ಕಂಪ್ಯೂಟರಿಗೆ ಹಾಕಿಟ್ಟಿದ್ದಳು. ಕ್ಯಾಸೆಟ್ಟು ಹಾಳಾಯಿತು. ಉಳಿದದ್ದು ಅದೊಂದೇ.

ಮೊಮ್ಮಗಳು ಗಂಗಾವತಿಯಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಸೆಂಟರಿನವರು ಯಂತ್ರ ನಡೆಸುವ ವಿಂಡೋಸ್ ಬಿಟ್ಟು ಅಂಥದ್ದೇ ಇನ್ನೊಂದಾದ ಲಿನಕ್ಸ್ ಕಲಿಸಿ ಎಂದರಂತೆ. ಮನೆಯಲ್ಲಿ ಅವಳು ಲಗ್ನಪತ್ರಿಕೆ ಮಾಡುವ ಕನ್ನಡ ಅಕ್ಷರಗಳು ವಿಂಡೋಸಿನಲ್ಲೇ ಬರುವುದು. ಹೀಗಾಗಿ ಎರಡೂ ಬೇಕಾದವು. ಒಂದು ಭಾನುವಾರ ಮಧ್ಯಾಹ್ನ ಉಂಡು ಕೈತೊಳೆದು ಯಂತ್ರದ ಮುಂದೆ ಕುಳಿತಳು.

“ಎರಡೂ ಒಂದರಾಗ ಹೆಂಗ ಇರ್ತಾವ?” ಎಂದೆ.

“ಹಳೇದಕ್ಕ ಜಾಗಾ ಕಮ್ಮಿ ಮಾಡಿ, ಉಳಿದದ್ದರಾಗ ಹೊಸಾದು ಕೂಡಿಸ್ತೀನಮ್ಮಾ.”

“ಅಂದ್ರ ಪಾಲು ಮಾಡ್ತಿ. ನಮ್ಮ ಮನಿ ನೋಡಿನೂ ಬುದ್ಧಿ ಬಂದಿಲ್ಲೇನ ನಿನಗ?”

ಅವಳು ನಕ್ಕಳು. ನಾನು ನಗಲಿಲ್ಲ. “ನನ್ನ ಹಾಡು ಎಲ್ಲಿ ಅದಾವ?”

“ಅತ್ತಾಗ ತುದಿಗೆ ಅದಾವ. ಅವನ್ನ ಇತ್ತಾಗ ಸರಸಬೇಕು. ಸರಸೂ ಮುಂದ ಕರೆಂಟ್ ಹೋತಂದ್ರ ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ.”

“ಬ್ಯಾರೆ ಕಡೆ ತಗದಿಡು ಮೊದಲ.”

“ಈ ಡಬ್ಬಿ ಸಿಡಿ ಓದತೈತಿ, ಬರಿಯಂಗಿಲ್ಲ. ನಾಳೆ ಕ್ಲಾಸಿನಾಗ ನಿಂದ್ರಬೇಕು ನಾನು. ಈ ಹೊತ್ತಿನಾಗ ಕರೆಂಟ್ ಹೋಗಂಗಿಲ್ಲ ಬಿಡು.”

ಕರೆಂಟು ಹೋದರೂ ಯಂತ್ರ ನಡೆಸುವ ಬ್ಯಾಟರಿ ಡಬ್ಬಿಯೊಂದಿತ್ತು. ಅದು ಎಂದೋ ಸತ್ತು, ನಾನು ಅದರ ಮೇಲೆ ಎಲೆಯಡಿಕೆ ತಟ್ಟೆ ಇಡುತ್ತಿದ್ದೆ.

“ಸಣ್ಣಮ್ಮಗ ಒಂದ್ ಮಾತು ಹೇಳಿ ಬರ್ಲೇನು, ಫ್ಯೂಸ್ ಮುಟ್ಟಬ್ಯಾಡ ಅಂತ?”

“ಏನೂ ಬ್ಯಾಡ” ಎಂದೆ.

ನನ್ನ ನೆಗೆಣ್ಣಿಯನ್ನು ಸಣ್ಣಮ್ಮ ಎನ್ನುವ ಮೊಮ್ಮಗಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಾಲೆಯ ನೀರು ಬಂದು ಗದ್ದೆಯ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಬಲ್ಬು ಕೆಂಪಗಾಗುತ್ತದೆ. ಆಗ ನಮ್ಮೂರಲ್ಲಿ ಯಾರೂ ಸುಮ್ಮನೆ ಕೂಡುವುದಿಲ್ಲ. ಮೀಟರಿನ ಬೋರ್ಡಿಗೆ ಕೈಹಾಕಿ, ಫ್ಯೂಸು ಕಿತ್ತು, ಕರೆಂಟು ಗಟ್ಟಿ ಇರುವ ಬೇರೆ ಫೇಸಿನ ತಂತಿಗೆ ಸಿಗಿಸುತ್ತಾರೆ. ಹೆಂಗಸರಿಗೂ ಅದು ಒಲೆಯ ಕಟ್ಟಿಗೆ ಸರಿಸಿದಷ್ಟೇ ರೂಢಿ. ಕಿತ್ತು ಸಿಗಿಸುವಷ್ಟರಲ್ಲಿ ಎರಡೂ ಮನೆಯ ಕರೆಂಟು ಒಮ್ಮೆ ಹೋಗಿ ಬರುತ್ತದೆ.

ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇರುವೆಯಂತೆ ಸಾಗುತ್ತಿತ್ತು. ಅದು ಅರ್ಧಕ್ಕೆ ಬಂದಾಗ ಬಲ್ಬು ಕೆಂಪಗಾಯಿತು. ಫ್ಯಾನು ನಿಂತಂತಾಯಿತು. ಪಟ್ಟಿ ಮಾತ್ರ ಇನ್ನೂ ಹರಿಯುತ್ತಿತ್ತು. ಆ ಕಡೆ ಸ್ಟೂಲು ಎಳೆದ ಸದ್ದು ಕೇಳಿಸಿತು. ನೆಗೆಣ್ಣಿ ಗಿಡ್ಡ, ಸ್ಟೂಲು ಹತ್ತದೆ ಅವಳಿಗೆ ಬೋರ್ಡು ಸಿಗುವುದಿಲ್ಲ.

ನಾನು ಎದ್ದು ಗೋಡೆಯನ್ನು ಅಂಗೈಯಿಂದ ಬಡಿದೆ. “ಏಯ್! ಫ್ಯೂಸ್ ಮುಟ್ಟಬ್ಯಾಡ!”

ಆ ಕಡೆ ಸ್ಟೂಲು ಅಲುಗಿತು. ಆಮೇಲೆ, “ಯಾರಿಗಂತಿ?”

“ನಿನಗ. ಮತ್ಯಾರದಾರ ಅಲ್ಲಿ?”

“ಇವತ್ತ ಬಾಯಿ ಬಂತೇನ ನಿನಗ? ಮಿಕ್ಸರ್ ತಿರಗವಲ್ದು. ಶೇಂಗಾ ಚಟ್ನಿ ಅರ್ಧಕ್ಕ ನಿಂತೈತಿ.”

“ಒಳ್ಳಿನಾಗ ಕುಟ್ಟು.”

“ಒಳ್ಳು ನಿನ್ನ ಪಾಲಿಗೆ ಹೋತಲ್ಲ! ಎಲ್ಲಿ ಕುಟ್ಲಿ, ನಿನ್ನ ತಲಿ ಮ್ಯಾಲೇನು?”

ಮೊಮ್ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೂ ತಿರುಗಿ ಕೊಡುವ ಮಾತು ನಾಲಿಗೆ ತುದಿಗೆ ಬಂದಿತ್ತು. ಕೊಟ್ಟರೆ ಫ್ಯೂಸು ಕೀಳುತ್ತಾಳೆ. ನುಂಗಿಕೊಂಡೆ.

“ಕಂಪ್ಯೂಟರಿನಾಗ ಕೆಲಸ ನಡದೈತಿ. ಈಗ ಕರೆಂಟ್ ಹೋದ್ರ ಹಾಡು ಅಳಿಸಿ ಹೋಗ್ತಾವ.”

“ಯಾವ ಹಾಡು?”

“ನಮ್ಮವು. ಅರಿಷಿಣದವು.”

ನಾನು ಬಲ್ಬಿನ ಕಡೆ ನೋಡುತ್ತಾ ನಿಂತೆ. ಸ್ಟೂಲು ಕಿರುಗುಟ್ಟಿತು. ಕರೆಂಟು ಹೋಗಲಿಲ್ಲ. ಅವಳು ಕೆಳಗಿಳಿದಿದ್ದಳು.

“ಎಷ್ಟೊತ್ತು?” ಎಂದಳು.

“ಇನ್ನೊಂದ್ ತಾಸರ ಬೇಕ್ರಿ ಸಣ್ಣಮ್ಮಾ” ಎಂದಳು ಮೊಮ್ಮಗಳು.

ಆ ಹೊತ್ತೆಲ್ಲ ಗೋಡೆಯ ಎರಡೂ ಕಡೆ ಬಲ್ಬು ಕೆಂಪಗೇ ಉರಿಯಿತು. ಅವಳು ಸೆಕೆಗೆ ಬೀಸಣಿಗೆ ಬೀಸಿಕೊಳ್ಳುವ ಸದ್ದು ನನಗೆ ಕೇಳಿಸುತ್ತಿತ್ತು. ಪಟ್ಟಿ ತುದಿ ಮುಟ್ಟಿತು. ಮೊಮ್ಮಗಳು ಯಂತ್ರವನ್ನು ಆರಿಸಿ ಹೊತ್ತಿಸಿದಳು. ಮೊದಲು ಹಳೆಯ ಪಾಲನ್ನು ತೆರೆದು, ಹುಡುಕಿ, ಹಾಡು ಹಚ್ಚಿದಳು.

ನನ್ನ ದನಿ ಎತ್ತಿಕೊಟ್ಟಿತು, ಅವಳದು ಹಿಡಿದುಕೊಂಡಿತು. ಅವಳ ದನಿ ನನ್ನದಕ್ಕಿಂತ ಚೆನ್ನಾಗಿತ್ತು. ಜೊತೆಗೆ ಹಾಡುತ್ತಿದ್ದಾಗ ನಾನು ಅದನ್ನು ಗಮನಿಸಿರಲಿಲ್ಲ. ಹಾಡು ನಡೆದಷ್ಟು ಹೊತ್ತು ಆ ಕಡೆ ಪಾತ್ರೆಯ ಸದ್ದೂ ಇರಲಿಲ್ಲ. ಮುಗಿದ ಮೇಲೆ ಏನಾದರೂ ಅಂದಾಳೆಂದು ನಾನು ಸುಮ್ಮನೆ ಕುಳಿತೆ. ಅವಳು ಫ್ಯೂಸು ಕಿತ್ತು ಸಿಗಿಸಿದಳು. ಮಿಕ್ಸರ್ ತಿರುಗಿತು.

ಅವಳು ನಮ್ಮ ಮನೆಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಆದರೆ ಅಂದಿನಿಂದ ಬಲ್ಬು ಕೆಂಪಗಾದಾಗಲೆಲ್ಲ ಸ್ಟೂಲು ಹತ್ತಿ, “ತಗೀಲೇನು?” ಎಂದು ಕೂಗುತ್ತಾಳೆ. ಮೊದಲಿನಂತೆ ಅಕ್ಕಾ ಅನ್ನುವುದಿಲ್ಲ. ನಾನು “ತಗಿ” ಅನ್ನುತ್ತೇನೆ. ಕೆಲವು ಸಲ ಮೊಮ್ಮಗಳು ಗಂಗಾವತಿಗೆ ಹೋಗಿರುತ್ತಾಳೆ, ಯಂತ್ರ ಆರಿರುತ್ತದೆ, ಮನೆಯಲ್ಲಿ ಕರೆಂಟಿನ ಕೆಲಸ ಯಾವುದೂ ಇರುವುದಿಲ್ಲ. ಆಗಲೂ “ತಡಿ ಸ್ವಲ್ಪ” ಅಂದುಬಿಡುತ್ತೇನೆ. ಯಾಕೆಂದು ಅವಳು ಕೇಳುವುದಿಲ್ಲ. ಸ್ಟೂಲಿನ ಮೇಲೆಯೇ ನಿಂತಿರುತ್ತಾಳೆ.