ರಾಮಲಕ್ಷ್ಮಮ್ಮ ಸಾರಿಸಿದ ನೆಲ

ಬೆಳಗಿನ ಐದೂಮುಕ್ಕಾಲು. ವೇಮಗಲ್ ಹತ್ತಿರದ ಒಂದು ಬಯಲಿನಲ್ಲಿ ಮಂಜು ಇನ್ನೂ ಕರಗಿಲ್ಲ. ರಾಮಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಸಗಣಿ ಬಗ್ಗಡದ ಬಕೆಟ್ಟು. ಕೈಯನ್ನು ಮೊಳಕೈವರೆಗೆ ಅದರಲ್ಲಿ ಅದ್ದಿ, ಒಂದು ಬೊಗಸೆ ನೆಲಕ್ಕೆ ಸುರಿದು, ಅಂಗೈಯಲ್ಲಿ ಅರ್ಧಚಂದ್ರದಂತೆ ಎಳೆಯುತ್ತಾರೆ. ಒಂದು ಮೊಳ ಹಿಂದಕ್ಕೆ ಸರಿಯುತ್ತಾರೆ. ಮತ್ತೆ ಒಂದು ಬೊಗಸೆ. ಸರಿಯುವಾಗಲೆಲ್ಲ ಮಂಡಿ ಲಟಕ್ ಎನ್ನುತ್ತದೆ. ‘ಏಂ ಚೇಸೇದಿ’ ಎಂದು ತೆಲುಗಿನಲ್ಲಿ ಗೊಣಗುತ್ತಾರೆ. ಏನು ಮಾಡುವುದು ಎಂದರ್ಥ. ಆ ಪ್ರಶ್ನೆಗೆ ಅವರು ಉತ್ತರ ನಿರೀಕ್ಷಿಸುವುದನ್ನು ಬಿಟ್ಟು ಬಹಳ ಕಾಲವಾಗಿದೆ.

ಇಪ್ಪತ್ತನಾಲ್ಕು ಅಡಿ ಉದ್ದ, ಇಪ್ಪತ್ತನಾಲ್ಕು ಅಡಿ ಅಗಲ. ಎಂಟು ಮಂಕರಿ ಸಗಣಿ, ಮೂವತ್ತು ಕೊಡ ನೀರು. ಎಂಟೂವರೆಯೊಳಗೆ ಸಾರಿಸಿ ಮುಗಿಸಿದರೆ ಮಧ್ಯಾಹ್ನದ ಬಿಸಿಲಿಗೆ ಒಣಗುತ್ತದೆ. ನಾಲ್ಕೂವರೆಗೆ ಇಲ್ಲಿ ಏಳು ಜನ ಬರಿಗಾಲಲ್ಲಿ ಕುಣಿಯಬೇಕು.

‘ಬರಿಗಾಲು’ ಎಂಬುದು ಆ ತಂಡದ ಹೆಸರು ಕೂಡ. ನೃತ್ಯವೂ ನಾಟಕವೂ ಬೆರೆತ ಪ್ರಯೋಗಗಳನ್ನು ಅದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಊರುಗಳಲ್ಲಿ ಆಡುತ್ತದೆ. ದೇವರ ಕತೆ ಇಲ್ಲ, ಗೆಜ್ಜೆ ಇಲ್ಲ. ಎಂಟು ಗಂಟೆ ನಿಂತೇ ದುಡಿಯುವ ಕಾರ್ಖಾನೆ ಹೆಣ್ಣುಮಕ್ಕಳ ಮೇಲೆ ‘ನಿಂತ ಕೆಲಸ’, ಬೋರ್‌ವೆಲ್ ನೀರು ಕುಡಿದು ಹಲ್ಲು ಹಳದಿಯಾದ ಊರಿನ ಮೇಲೆ ‘ಕೊಡ’, ಹೀಗೆ. ಈ ತಂಡದ ಬಗ್ಗೆ ನಾನೇ ಪತ್ರಿಕೆಯಲ್ಲಿ ಮೂರು ಸಲ ಬರೆದಿದ್ದೇನೆ. ನಿರ್ದೇಶಕಿ ವಾಣಿಶ್ರೀ ಅವರನ್ನು ಮಾತಾಡಿಸಿದ್ದೇನೆ, ಬೆಳಕಿನ ಬಗ್ಗೆ, ಸಂಗೀತದ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಿದ್ದೇನೆ. ಅಷ್ಟೂ ಕಾಲ ನಾನು ರಾಮಲಕ್ಷ್ಮಮ್ಮ ಸಾರಿಸಿದ ನೆಲದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತಿದ್ದೆ. ನೆಲ ತಾನಾಗಿಯೇ ಹಾಗಿರುತ್ತದೆ ಅಂದುಕೊಂಡಿದ್ದೆ. ನಾಚಿಕೆಯಾಗುತ್ತದೆ.

ರಾಮಲಕ್ಷ್ಮಮ್ಮನಿಗೆ ಐವತ್ತೊಂಬತ್ತು ವರ್ಷ. ಊರು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರ. ಗಂಡ ಮತ್ತು ಮೈದುನ ಸೇರಿ ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರೆ. ಒಂದು ಕಾಲಕ್ಕೆ ಸುತ್ತಿನ ನಾಲ್ಕು ಊರಿನಲ್ಲಿ ರಾಗಿ ಒಕ್ಕುವ ಕಣ ಮಾಡಬೇಕೆಂದರೆ ಇವರ ಅತ್ತೆಯನ್ನೇ ಕರೆಯುತ್ತಿದ್ದರಂತೆ. ಅತ್ತೆಯ ಹಿಂದೆ ನೀರು ಹೊತ್ತು ಸೊಸೆ ಕೆಲಸ ಕಲಿತರು. ಕಲಿತು ಮುಗಿಯುವಷ್ಟರಲ್ಲಿ ಕಣ ಮಾಡಿಸುವವರೇ ಇಲ್ಲವಾದರು.

“ಈಗ ಎಲ್ಲಾ ರೋಡ್‌ಗೆ ಹಾಕ್ತಾರೆ ಸಾರ್. ಲಾರಿ, ಬಸ್ಸು ಮೇಲೆ ಹೋಗಿ ತುಳೀತವೆ. ಇಲ್ಲಾಂದ್ರೆ ಮಿಷನ್ನು. ಅವರದ್ದು ತಪ್ಪು ಅನ್ನಲ್ಲ, ಕಣ ಮಾಡೋಕೆ ಎರಡು ದಿನ ಬೇಕು, ಯಾರಿಗೈತೆ ಪುರುಸೊತ್ತು? ನನ್ ಕೈಗೆ ಬಂದಿದ್ ಕೆಲಸ ಕೈಯಲ್ಲೇ ಉಳ್ಕೊಂತು, ಅಷ್ಟೇ.”

ಹನ್ನೊಂದು ವರ್ಷದ ಹಿಂದೆ ‘ಬರಿಗಾಲು’ ತಂಡ ಅವರ ಊರಿಗೆ ಬಂತು. ಶಾಲೆಯ ಮುಂದಿನ ಬಯಲನ್ನು ಗುಡಿಸಿ ಆಡಲು ಶುರು ಮಾಡಿದರು. ಅದು ಪಲ್ಲೇರು ಮುಳ್ಳಿನ ಜಾಗ ಎಂದು ಊರವರಿಗೆಲ್ಲ ಗೊತ್ತು, ಯಾರೂ ಹೇಳಲಿಲ್ಲ. ಒಬ್ಬಳ ಕಾಲಲ್ಲಿ ರಕ್ತ ಬಂದರೂ ಅವಳು ನಿಲ್ಲಿಸಲಿಲ್ಲ. ಅದೂ ಕತೆಯಲ್ಲಿ ಇರಬೇಕು ಎಂದು ಜನ ಚಪ್ಪಾಳೆ ತಟ್ಟಿದರು. ಮುಗಿದ ಮೇಲೆ ರಾಮಲಕ್ಷ್ಮಮ್ಮ ಸೆರಗಿನ ಪಿನ್ನು ತೆಗೆದು ಹದಿಮೂರು ಮುಳ್ಳು ಕಿತ್ತರು. ಕೀಳುತ್ತಲೇ ವಾಣಿಶ್ರೀಗೆ ಬೈದರು.

“ನೆಲ ನೋಡ್ದೆ ಕುಣಿಸ್ತಾರೇನಮ್ಮ ಯಾರಾದ್ರೂ? ಹೆತ್ತೋರು ನಿನ್ನ ನಂಬಿ ಕಳ್ಸವ್ರೆ, ಅಂದೆ. ಮುಂದಿನ ವಾರ ಟೆಂಪೋ ಕಳ್ಸಿದ್ರು. ನೆಲ ನೀವೇ ನೋಡಿ ಬನ್ನಿ ಅಂತ. ಬೈದ ತಪ್ಪಿಗೆ ಹನ್ನೊಂದ್ ವರ್ಷದಿಂದ ನೋಡ್ತಾನೇ ಇದೀನಿ.”

ಅಲ್ಲಿಂದೀಚೆಗೆ ತಿಂಗಳಿಗೆ ಐದಾರು ನೆಲ. ಪ್ರದರ್ಶನದ ಹಿಂದಿನ ದಿನವೇ ಹೋಗಬೇಕು. ಗುದ್ದಲಿಯಲ್ಲಿ ಹೆರೆಯುವುದು, ಬಾಟಲಿ ಚೂರು ಆರಿಸುವುದು, ನೀರು ಹಾಕಿ ದಿಮ್ಮಸಿನಿಂದ ಬಡಿಯುವುದು. ಮರುದಿನ ನಸುಕಿಗೆ ಸಾರಿಸುವುದು. ಕಣವನ್ನಾದರೆ ಪೊರಕೆಯಲ್ಲಿ ಸಾರಿಸಬಹುದು, ಇದನ್ನು ಕೈಯಲ್ಲೇ ಸಾರಿಸಬೇಕು. ಪೊರಕೆಯ ಗೀರು ಒಣಗಿದರೆ ಅಂಗಾಲಿಗೆ ಒತ್ತುತ್ತದೆ. ಆಟ ನಡೆಯುವಾಗಲೂ ಬಿಡುವಿಲ್ಲ. ಒಂದು ಪಕ್ಕದಲ್ಲಿ, ತಮಟೆಯವರ ಹಿಂದೆ, ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಕೂತಿರುತ್ತಾರೆ. ಎಲ್ಲಿ ಒಣಗಿದ ಪದರ ಹೆಕ್ಕಳಿಕೆ ಎದ್ದರೂ ಮುಂದಿನ ದೃಶ್ಯಕ್ಕೆ ಮೊದಲು ಒರೆಸಿ ಬರಬೇಕು. ಹಾಗಾಗಿ ಅವರು ನೋಡುವುದು ಕಾಲುಗಳನ್ನು ಮಾತ್ರ. ತಂಡದಲ್ಲಿ ಯಾರಿಗೆ ಹಿಮ್ಮಡಿ ಒಡೆದಿದೆ, ಯಾರು ಎಡಗಾಲಿಗೆ ಹೆಚ್ಚು ಭಾರ ಕೊಡುತ್ತಾರೆ, ಎಲ್ಲ ಬಾಯಿಪಾಠ. ಕತೆ ಮಾತ್ರ ಅಷ್ಟಕ್ಕಷ್ಟೇ.

“ಒಂದು ಮಾತ್ರ ಅರ್ಥ ಆಗುತ್ತೆ. ‘ನಿಂತ ಕೆಲಸ’ ಅಂತ ಆಡ್ತಾರಲ್ಲ, ಅದ್ರಲ್ಲಿ ಎಲ್ಲಾ ಮಲಗ್ಕೊಂಡು ಕಾಲ್ ಮೇಲಕ್ಕೆತ್ತುತಾರೆ. ನನ್ ಮಗಳು ಅನಿತ ನರಸಾಪುರದಲ್ಲಿ ಕಂಪ್ನಿ ಕೆಲಸಕ್ಕೆ ಹೋಗ್ತಾಳೆ. ಮನೆಗೆ ಬಂದಿದ್ದೇ ಗೋಡೆಗೆ ಕಾಲೆತ್ತಿ ಮಲಗ್ತಾಳೆ, ಕಾಫಿನೂ ಬೇಡ ಅಂತಾಳೆ. ಅದನ್ನೇ ಇವರು ಗೋಡೆ ಇಲ್ದೆ ಮಾಡ್ತಾರೆ.”

ಏಳು ಗಂಟೆಗೆ ಬಯಲಿನ ಒಡತಿ ದೊಡ್ಡಗಂಗಮ್ಮ ಟೀ ತರುತ್ತಾರೆ. ಆಟ ಮುಗಿದ ಮೇಲೆ ಈ ನೆಲವನ್ನು ಅಗೆಯದೆ ಹಾಗೇ ಬಿಟ್ಟರೆ ನಾಳೆ ಹುರುಳಿ ಬಡಿಯಬಹುದು ಎಂಬ ಕರಾರಿನ ಮೇಲೆ ಜಾಗ ಕೊಟ್ಟಿದ್ದಾರೆ. ರಾಮಲಕ್ಷ್ಮಮ್ಮ ಲೋಟವನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ಕುಡಿಯುತ್ತಾರೆ. ಕೈ ತೊಳೆದರೆ ಹೊತ್ತು ಹೋಗುತ್ತದೆ.

ಇವತ್ತು ಅವರ ಮುಖ ಸಪ್ಪಗಿರುವುದಕ್ಕೆ ಚಳಿಯೊಂದೇ ಕಾರಣವಲ್ಲ. ಕಳೆದ ಮೇ ತಿಂಗಳಲ್ಲಿ ಮುಳಬಾಗಿಲಿನಲ್ಲಿ ಒಂದು ಘಟನೆ ನಡೆಯಿತು. ಆಟದ ಹೆಸರು ‘ಬಸ್ಸು ತಪ್ಪಿದವಳು’. ಪಾಳಿ ಮುಗಿಸಿ ಕಂಪನಿ ಬಸ್ಸು ತಪ್ಪಿಸಿಕೊಂಡ ಹುಡುಗಿಯೊಬ್ಬಳು ಮನೆ ತಲುಪದೆ ರಸ್ತೆಯಲ್ಲೇ ಸಾಯುವ ಕತೆ. ಅದಕ್ಕೆ ನೆಲ ಬೋಳಾಗಿರಬೇಕು, ರಂಗೋಲಿ ಹಾಕಬೇಡಿ ಎಂದು ವಾಣಿಶ್ರೀ ಎರಡು ಸಲ ಹೇಳಿದ್ದರು. ಸಾರಿಸಿದ ನೆಲವನ್ನು ರಂಗೋಲಿಯಿಲ್ಲದೆ ಬಿಡುವುದು ಸಾವಿನ ಮನೆಯಲ್ಲಿ ಮಾತ್ರ. ನಿರ್ದೇಶಕಿಗೆ ಬೇಕಾಗಿದ್ದೂ ಅದೇ.

“ಕತೇಲಿ ಸಾಯ್ತಾಳೆ, ಸರಿ. ಕುಣಿಯೋಳು ಬದುಕಿರೋ ಮಗು ಅಲ್ವಾ ಸಾರ್? ಬೋಳು ನೆಲದ ಮೇಲೆ ಹೆಂಗೆ ಕಳಿಸ್ಲಿ? ಯಾರಿಗೂ ಕಾಣ್ದಂಗೆ ನಡುವೆ ನಾಲ್ಕೇ ನಾಲ್ಕು ಎಳೆ ಎಳೆದೆ.”

ಆ ರಂಗೋಲಿ ಪುಡಿಯ ಮೇಲೆ ರಂಜಿತಳ ಹಿಮ್ಮಡಿ ಜಾರಿತು. ಮಾಲೂರಿನ ಈ ಇಪ್ಪತ್ತಾರರ ಹುಡುಗಿ ಮೊದಲು ಕಾರ್ಖಾನೆಯಲ್ಲಿದ್ದು, ಕೆಲಸ ಬಿಟ್ಟು ತಂಡ ಸೇರಿದವಳು, ಸಾಯುವ ಪಾತ್ರ ಅವಳದೇ. ಕಾಲಿನ ಹರಡು ಹೊರಳಿ ಲಿಗಮೆಂಟ್ ಹರಿಯಿತು. ನೋಡುತ್ತಿದ್ದವರಲ್ಲಿ ಯಾರೋ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ನಕ್ಕರಂತೆ. ರಾಮಲಕ್ಷ್ಮಮ್ಮ ರಂಗೋಲಿ ಡಬ್ಬಿಯನ್ನು ತಂದು ಎಲ್ಲರ ಮುಂದಿಟ್ಟು, ‘ಈ ಸಲ ನೆಲಾನೇ ಡೊಂಕು, ನಾನೇ ಮಾಡಿದ್ದು’ ಎಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಈಗಲೂ ಅನ್ನುತ್ತಾರೆ.

ಎಂಟು ತಿಂಗಳಾದ ಮೇಲೆ ರಂಜಿತ ಇವತ್ತು ಮತ್ತೆ ಆಡುತ್ತಿದ್ದಾಳೆ. ಅದೇ ಆಟ, ಅದೇ ಪಾತ್ರ. ಈ ನಡುವೆ ತಂಡಕ್ಕೆ ಯಾರೋ ಹಿತೈಷಿಗಳು ಕರಿಯ ರಬ್ಬರ್ ಮ್ಯಾಟ್ ಕೊಟ್ಟಿದ್ದಾರೆ. ಸುರುಳಿ ಬಿಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ರಂಗ ಸಿದ್ಧ. ಅದು ಟೆಂಪೋದಲ್ಲೇ ಇದೆ.

“ರಾಮಕ್ಕನ ಮಂಡಿ ನೋಡಿದ್ರೆ ಮ್ಯಾಟೇ ವಾಸಿ ಅನ್ಸುತ್ತೆ. ಡಾಕ್ಟ್ರೂ ಅದನ್ನೇ ಹೇಳವ್ರೆ” ಎನ್ನುತ್ತಾರೆ ವಾಣಿಶ್ರೀ. ಅವರಿಗೂ ದಣಿವು ಹತ್ತಿದೆ, ಮಾತಿನ ನಡುವೆ ಎರಡು ಸಲ ಕಣ್ಣೊರೆಸಿಕೊಂಡರು. “ಆದ್ರೆ ರಾಮಕ್ಕ, ‘ಈ ಒಂದ್ ಆಟ ನನ್ ನೆಲದ ಮೇಲೆ ಆಡ್ಲಿ, ಆಮೇಲೆ ಏನಾದ್ರೂ ಹಾಸ್ಕೊಳ್ಳಿ’ ಅಂತಾರೆ. ನಾನು ಏನ್ ಹೇಳ್ಲಿ? ಕಾಲು ರಂಜಿತಂದು. ಅವಳೇ ಹೇಳ್ಲಿ ಅಂತ ಬಿಟ್ಟಿದೀನಿ.”

ಎಂಟೂ ಇಪ್ಪತ್ತಕ್ಕೆ ಕೊನೆಯ ಮೂಲೆ ಮುಗಿಯುತ್ತದೆ. ಏಳುವ ಮೊದಲು ರಾಮಲಕ್ಷ್ಮಮ್ಮ ಹಸಿ ನೆಲದ ಅಂಚಿನಲ್ಲಿ ತೋರುಬೆರಳಿನಿಂದ ನಾಲ್ಕು ಗೆರೆ ಎಳೆಯುತ್ತಾರೆ. ಪುಡಿ ಇಲ್ಲ, ಬಣ್ಣ ಇಲ್ಲ. ಒಣಗಿದ ಮೇಲೆ ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತದೆ. ಮೇ ತಿಂಗಳಿಂದ ಅವರು ಕಂಡುಕೊಂಡ ಹಾದಿ ಇದು. ನೆಲ ಬೋಳೂ ಅಲ್ಲ, ಜಾರುವುದೂ ಇಲ್ಲ.

ನಾಲ್ಕು ಗಂಟೆಗೆ ರಂಜಿತ ಬರುತ್ತಾಳೆ. ನೆಲ ತೆಳು ಹಸಿರಾಗಿ, ಒಂದು ಬಿರುಕಿಲ್ಲದೆ ಒಣಗಿದೆ. ಅವಳು ಅಂಚಿನಲ್ಲಿ ನಿಂತು ಚಪ್ಪಲಿ ಬಿಡುತ್ತಾಳೆ. ಬಲಗಾಲು ಮುಂದಿಡಲು ಹೋಗಿ ಹಿಂದಕ್ಕೆ ತೆಗೆಯುತ್ತಾಳೆ. ಮತ್ತೊಮ್ಮೆ ಪ್ರಯತ್ನಿಸುತ್ತಾಳೆ. ಆಗುವುದಿಲ್ಲ.

“ನೆಲ ಚೆನ್ನಾಗೈತೆ ಅತ್ತೆ. ನಂಗೇ ಭಯ ಆಗ್ತೈತೆ” ಎಂದು ರಾಮಲಕ್ಷ್ಮಮ್ಮನಿಗೆ ಹೇಳುತ್ತಾಳೆ. ಕಣ್ಣಲ್ಲಿ ನೀರಿದೆ. “ಮ್ಯಾಟ್ ಹಾಕ್ಸಲಾ?”

“ಹಾಕ್ಕೋ ಪಾಪಾ. ಅದ್ರಲ್ಲೇನೈತೆ” ಎನ್ನುತ್ತಾರೆ ರಾಮಲಕ್ಷ್ಮಮ್ಮ. ಎರಡೂವರೆ ಗಂಟೆ ಕುಕ್ಕರಗಾಲಲ್ಲಿ ಸಾರಿಸಿದ ನೆಲದ ಮೇಲೆ ಕರಿಯ ಸುರುಳಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಧೂಳಿದೆ ಎಂದು ಒದ್ದೆ ಬಟ್ಟೆ ತಂದು ಅದನ್ನೂ ಇವರೇ ಒರೆಸುತ್ತಾರೆ.

ಮೊದಲ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಕೊರಳಿನ ಗುರುತಿನ ಚೀಟಿ ತೆಗೆಯದೆಯೇ ಬಂದು ಕೂರುತ್ತಾರೆ. ಮ್ಯಾಟಿನಲ್ಲಿ ಹೆಕ್ಕಳಿಕೆ ಏಳುವುದಿಲ್ಲವಾದ್ದರಿಂದ ರಾಮಲಕ್ಷ್ಮಮ್ಮನಿಗೆ ಕೆಲಸವಿಲ್ಲ. ವಾಣಿಶ್ರೀ ಕೈ ಹಿಡಿದು ತಂದು ಎದುರಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ರಂಜಿತ ಆಡುತ್ತಾಳೆ. ಬಸ್ಸಿನ ಹಿಂದೆ ಓಡುವ ದೃಶ್ಯದಲ್ಲಿ ಓಟ ಮೊದಲಿನಷ್ಟು ಚುರುಕಿಲ್ಲ, ಆದರೆ ಬೀಳುವುದಿಲ್ಲ. ನನ್ನ ಪಕ್ಕದಲ್ಲಿ ರಾಮಲಕ್ಷ್ಮಮ್ಮ ಸೆರಗು ಬಾಯಿಗೊತ್ತಿ ಕೂತಿದ್ದಾರೆ.

“ಮುಖ ಹಿಂಗ್ ಮಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎನ್ನುತ್ತಾರೆ ಮೆಲ್ಲಗೆ.

ಐದೂವರೆಗೆ ಆಟ ಮುಗಿದು ಜನ ಚದುರುತ್ತಾರೆ. ಮ್ಯಾಟ್ ಸುತ್ತುತ್ತಾರೆ. ಕೆಳಗೆ ನೆಲ ಬೆಳಗ್ಗೆ ಬಿಟ್ಟ ಹಾಗೇ ಇದೆ. ಹುರುಳಿಗೆ ಕಣ ಸಿಕ್ಕಿತೆಂದು ದೊಡ್ಡಗಂಗಮ್ಮ ಖುಷಿಯಲ್ಲಿದ್ದಾರೆ. ರಂಜಿತಳ ಚಪ್ಪಲಿಗಳು ಅವಳು ಬಿಟ್ಟ ಕಡೆಯೇ, ನೆಲದ ಆಚೆ ಅಂಚಿನಲ್ಲಿವೆ. ಅವಳು ಈಚೆ ಇದ್ದಾಳೆ. ಸುತ್ತಿ ಬರಬಹುದು. ಯಾರಿಗಾದರೂ ತಂದುಕೊಡಿ ಎನ್ನಬಹುದು. ಒಂದು ಗಳಿಗೆ ನಿಂತು ನೆಲವನ್ನೇ ನೋಡುತ್ತಾಳೆ. ಆಮೇಲೆ ಬಲಗಾಲನ್ನು ಇಡುತ್ತಾಳೆ. ಎಡಗಾಲು. ನಡುವಿಗೆ ಬಂದಾಗ ಎರಡೂ ಕೈ ಸ್ವಲ್ಪ ಮೇಲೇಳುತ್ತವೆ, ಮತ್ತೆ ಇಳಿಯುತ್ತವೆ. ಆಚೆ ಅಂಚು ಮುಟ್ಟಿ, ಬೆರಳ ಗೆರೆಗಳ ಪಕ್ಕದಲ್ಲಿ ಬಗ್ಗಿ ಚಪ್ಪಲಿ ಕೈಗೆತ್ತಿಕೊಳ್ಳುತ್ತಾಳೆ. ಹಿಂದಿರುಗಿ ನೋಡುವುದಿಲ್ಲ.

ರಾಮಲಕ್ಷ್ಮಮ್ಮ ಈಗ ಮುಖ ನೋಡುತ್ತಿಲ್ಲ. ಹಳೆಯ ಅಭ್ಯಾಸ, ಕಾಲುಗಳ ಮೇಲೇ ಕಣ್ಣಿದೆ. ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಏಳುತ್ತಾ ನನ್ನ ಕಡೆ ತಿರುಗುತ್ತಾರೆ.

“ಹದಿನಾಲ್ಕು ಹೆಜ್ಜೆ ಸಾರ್. ಒಂದೂ ಜಾರ್ಲಿಲ್ಲ. ಬೆಳಿಗ್ಗೆಯಿಂದ ಏನೇನೋ ಬರ್ಕೊಂಡ್ರಲ್ಲ, ಇದನ್ನೂ ಬರ್ಕೊಳ್ಳಿ.”