ಆಪರೇಷನ್ನಿಗೆ ಮೊದಲು ವಹಾಬರ ಬೆಂಚು

ಬೆಳಗಿನ ಆರು ಗಂಟೆ. ಭದ್ರಾವತಿಯ ಕಾರ್ಖಾನೆಯೊಂದರ ಆಸ್ಪತ್ರೆಯ ಬಾಗಿಲು ಇನ್ನೂ ತೆರೆದಿಲ್ಲ. ಜವಾನ ಅಬ್ದುಲ್ ವಹಾಬರ ಬೆಂಚಿನ ಮುಂದೆ ಆಗಲೇ ಒಂಬತ್ತು ಜನ. ರೋಗ ಯಾವುದೆಂದು ಡಾಕ್ಟರು ನೋಡುತ್ತಾರೆ. ಅದರ ಖರ್ಚು ಯಾರ ತಲೆಗೆ ಎಂದು ನೋಡುವವರು ವಹಾಬರು. ಈ ಕೆಲಸ ಮಾಡೆಂದು ಅವರಿಗೆ ಯಾರೂ ಹೇಳಿಲ್ಲ, ಇದಕ್ಕೆ ಸಂಬಳವೂ ಇಲ್ಲ.

“ಹೊಟ್ಟೆ ಕೊಯ್ಸಿಕೊಂಡ ಮೇಲೆ ರೂಲ್ಸ್ ಕೇಳಿದ್ರೆ ಏನು ಬಂತು ಸಾರ್? ಮೊದ್ಲೇ ಕೇಳ್ಕೋಬೇಕು,” ಎನ್ನುತ್ತಾರೆ ವಹಾಬರು, ಅವರನ್ನು ನೋಡಲು ಬಂದ ನನಗೆ.

ಕೇಳದೆ ಕೆಟ್ಟವರು ಅವರೇ. ಹತ್ತು ವರ್ಷದ ಹಿಂದೆ ಪತ್ನಿ ಮೆಹರ್ ಬಾನು ಅವರ ಚಿನ್ನದ ಬಳೆ ಮಾರಿ ಶಿವಮೊಗ್ಗದಲ್ಲಿ ಆಕೆಗೆ ಹೊಟ್ಟೆಯ ಆಪರೇಷನ್ ಮಾಡಿಸಿದರು. ತಾವು ದಿನಾ ಬಾಗಿಲು ಕಾಯುವ ಆಸ್ಪತ್ರೆಯಲ್ಲೇ ಅದು ಪುಕ್ಕಟೆ ಆಗುತ್ತಿತ್ತೆಂದು ಗೊತ್ತಾದದ್ದು ಹೊಲಿಗೆ ಬಿಚ್ಚಿದ ಮೇಲೆ. ಅಂದಿನಿಂದ ಗುಮಾಸ್ತರ ಕೈಲಿ ನಿಯಮದ ಪುಸ್ತಕ ಓದಿಸಿ ಬಾಯಿಪಾಠ ಮಾಡಿದರು. “ಜಗಳ ಬಂದಾಗೆಲ್ಲ ಗಾಜಿನ ಬಳೆ ಸದ್ದು ಮಾಡಿ ತೋರಿಸ್ತಾಳೆ.”

ದಿನಕ್ಕೆ ಇಪ್ಪತ್ತೈದು, ಮೂವತ್ತು ಜನ ಬರುತ್ತಾರೆ. ಇಂದಿನ ತೊಡಕು ಕುಲುಮೆಯ ಕೆಲಸಗಾರ ಓಬಯ್ಯನದು. ಜೊತೆಗೆ ಬಂದಿರುವ ಅವನ ಅತ್ತೆ ಶಾಂತಮ್ಮನವರಿಗೆ ಎರಡೂ ಕಣ್ಣಿಗೆ ಪೊರೆ. ಮೊನ್ನೆ ಒಣಹಾಕಿದ್ದ ಕಂಬಳಿಯನ್ನು ನೆಂಟರೆಂದುಕೊಂಡು ಊಟಕ್ಕೆ ಕರೆದರಂತೆ. ಶಿವಮೊಗ್ಗದ ದುರ್ಗಿಗುಡಿಯ ಡಾಕ್ಟರು ಕೇಳಿದ್ದು ನೂರೈವತ್ತು ರೂಪಾಯಿ, ಓಬಯ್ಯನ ತಿಂಗಳ ಸಂಬಳ ಎಂಬತ್ತೆಂಟು. ಇಲ್ಲಿ ಆಗದಿದ್ದರೆ ಶಾಂತಮ್ಮನವರಿಗೆ ಕಣ್ಣಿಲ್ಲ.

“ಅತ್ತೆಗೆ ರೂಲ್ ಇಲ್ಲ ಮಾರಾಯ,” ಎಂದ ವಹಾಬರು, ಓಬಯ್ಯ ಎದ್ದು ಹೊರಟಾಗ ತಡೆಯುತ್ತಾರೆ. “ಮದುವೆಗೆ ಮುಂಚೆ ಈ ಅಮ್ಮ ನಿಂಗೇನಾಗ್ಬೇಕಿತ್ತು?”

“ಒಡಹುಟ್ಟಿದ ಅಕ್ಕ. ಅಕ್ಕನ ಮಗಳನ್ನೇ ತಾನೆ ನಾನು ಮದ್ವೆ ಆಗಿದ್ದು!”

“ಅವ್ರ ಯಜಮಾನ್ರು?”

“ತೀರ್ಕೊಂಡು ಆರು ವರ್ಷ. ಇರೋದು ನಮ್ಮನೇಲೇ.”

ವಹಾಬರು ತೊಡೆ ತಟ್ಟಿಕೊಂಡು ನಗುತ್ತಾರೆ. ಆಶ್ರಯದಲ್ಲಿರುವ ವಿಧವೆ ಅಕ್ಕನಿಗೆ ಆಪರೇಷನ್ ಪುಕ್ಕಟೆ. ಈ ಪುಣ್ಯಾತ್ಮ ಎರಡು ವರ್ಷದಿಂದ ಪ್ರತಿ ಅರ್ಜಿಯಲ್ಲೂ ‘ಅತ್ತೆ’ ಎಂದೇ ಬರೆಸಿ, ಅದು ತಿರಸ್ಕಾರವಾದಾಗ ಹಣೆಬರಹವನ್ನು ಬಯ್ದುಕೊಂಡಿದ್ದಾನೆ!

ಈಗ ಒಪ್ಪದವರು ಶಾಂತಮ್ಮ. “ಹದಿನೆಂಟು ವರ್ಷದಿಂದ ‘ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ’ ಅಂತಿದೀನಿ. ಈಗ ತಮ್ಮ ಅಂತ ಬರೆಸಿದ್ರೆ ಅತ್ತೆ ಮರ್ಯಾದೆ ಏನಾಗ್ಬೇಕು?”

“ಮರ್ಯಾದೆ ಮನೇಲಿರ್ಲಿ ಅಮ್ಮ. ಇಲ್ಲಿ ಅಕ್ಕ ಆಗಿ. ಎರಡೂ ನಿಜಾನೇ ಅಲ್ವಾ?”

ಅರ್ಧ ಗಂಟೆ ಬಿಗುಮಾನದ ಮೇಲೆ ಶಾಂತಮ್ಮ ಹೆಬ್ಬೆಟ್ಟು ಒತ್ತುತ್ತಾರೆ. ಕಣ್ಣು ಬರುವವರೆಗೆ ಮಾತ್ರ ಅಕ್ಕ ಎಂಬ ಷರತ್ತು ಬೇರೆ.

ಎರಡು ತಿಂಗಳಾದ ಮೇಲೆ ನಾನು ಮತ್ತೆ ಹೋಗುತ್ತೇನೆ. ಅಂದು ಶಾಂತಮ್ಮನವರಿಗೆ ಕನ್ನಡಕ ಕೊಡುವ ದಿನ. ದಪ್ಪ ಗಾಜಿನ ಕನ್ನಡಕ ಏರಿಸಿ ಎದುರಿಗಿದ್ದ ಓಬಯ್ಯನನ್ನು ದಿಟ್ಟಿಸುತ್ತಾರೆ. ಕೈ ಚಾಚಿ ಅವನ ತಲೆ ಸವರುತ್ತಾರೆ.

“ಲೋ ಓಬ, ಯಾವಾಗ ಕಣೋ ಇಷ್ಟು ಬೆಳ್ಳಗಾಯ್ತು ತಲೆ?”

ಓಬಯ್ಯ ಗಳಗಳನೆ ಅತ್ತುಬಿಡುತ್ತಾನೆ. ವಹಾಬರನ್ನು ಹೊಗಳಲು ಹೋದರೆ, ಅವರಿಗೆ ಬೆಂಚಿನಲ್ಲಿ ಕಾದಿರುವವರ ಅವಸರ.

“ನಾನೇನು ಮಾಡ್ದೆ ಸಾರ್? ಅಕ್ಕ ಮೊದ್ಲಿಂದ ಅವ್ನ ಮನೇಲೇ ಇದ್ರು. ಯಾರಾದ್ರೂ ಕೇಳ್ಬೇಕಿತ್ತು, ಕೇಳ್ದೆ.”